ಬೇಸಿಗೆಯ ಸಂಜೆಗೊಂದು ಜಾದೂ ಕೂಟ: ಐಸು, ನಿಂಬೆ, ಮಾವಿನಹಣ್ಣಿನ ಆರು ಕೈಚಳಕಗಳು

ಏಪ್ರಿಲ್ ಎರಡನೆಯ ವಾರ ಶಾಲೆಗೆ ಬೀಗ ಬಿದ್ದ ಮೇಲೆ ಮೊದಲ ಹತ್ತು ದಿನ ಮಕ್ಕಳಿಗೆ ಮನೆಯೇ ಸ್ವರ್ಗವಾಗಿರುತ್ತದೆ. ಹನ್ನೊಂದನೆಯ ದಿನದಿಂದ 'ಬೋರು' ಎಂಬ ರಾಗ ಶುರುವಾಗುತ್ತದೆ. ಮೈಸೂರಿನ ನಮ್ಮ ಮನೆಯ ತಾರಸಿಯ ಮೇಲೆ ಅಣ್ಣನ ಮಕ್ಕಳನ್ನೂ ಅಕ್ಕಪಕ್ಕದ ಮನೆಯ ಮಕ್ಕಳನ್ನೂ ಕೂಡಿಸಿ ಕೆಲವು ವರ್ಷಗಳಿಂದ ಬೇಸಿಗೆಗೊಮ್ಮೆ ನಾನು ನಡೆಸುವ ಜಾದೂ ಕೂಟ ಹುಟ್ಟಿದ್ದು ಆ ರಾಗವನ್ನು ನಿಲ್ಲಿಸುವುದಕ್ಕೆ. ಮೊದಲ ವರ್ಷ ಎಲ್ಲರಂತೆ ನಾನೂ ಇಸ್ಪೀಟೆಲೆ, ರೇಷ್ಮೆ ರುಮಾಲು, ಸಣ್ಣ ದಾರ ಇವುಗಳನ್ನು ನಂಬಿ ಹೊರಟೆ. ಬೆವರಿದ ಬೆರಳಿಗೆ ಎರಡೆರಡು ಎಲೆಗಳು ಒಟ್ಟಿಗೇ ಅಂಟಿಕೊಂಡವು, ಟೇಬಲ್ ಫ್ಯಾನಿನ ಗಾಳಿಗೆ ರುಮಾಲು ತನ್ನ ಗುಟ್ಟನ್ನು ತಾನೇ ಹೊರಹಾಕಿತು. ಆಗ ಅರ್ಥವಾದದ್ದೇನೆಂದರೆ, ಬೇಸಿಗೆಯ ಕೂಟಕ್ಕೆ ಬೇಸಿಗೆಯೇ ಒದಗಿಸುವ ಸಾಮಾನುಗಳನ್ನು ನೆಚ್ಚಿಕೊಳ್ಳಬೇಕು: ಐಸು, ನಿಂಬೆಹಣ್ಣು, ಶರಬತ್ತು, ಬಾಳೆಹಣ್ಣು, ಮಾವು. ಇವು ಸೆಕೆಗೆ ಹೆದರುವುದಿಲ್ಲ, ಹಣ ಹೆಚ್ಚು ಬೇಡುವುದಿಲ್ಲ, ಆಟ ಮುಗಿದ ಮೇಲೆ ಬಹುಪಾಲು ಹೊಟ್ಟೆಗೂ ಸೇರುತ್ತವೆ.

ಕೆಳಗಿನ ವಿವರಣೆ ಆರರಿಂದ ಹನ್ನೆರಡು ವರ್ಷದ ಹತ್ತು ಹದಿನೈದು ಮಕ್ಕಳಿಗೆ ಲೆಕ್ಕ ಹಾಕಿದ್ದು. ಐದು ವರ್ಷಕ್ಕಿಂತ ಚಿಕ್ಕವರನ್ನು ಕರೆಯಬಾರದೆಂದಲ್ಲ. ಆದರೆ ಅವರಿಗೆ ಜಗತ್ತಿನಲ್ಲಿ ಎಲ್ಲವೂ ಜಾದೂವೇ ಆದ್ದರಿಂದ ನಮ್ಮ ಜಾದೂ ವಿಶೇಷವೆನಿಸುವುದಿಲ್ಲ, ಅವರ ಗಮನವೆಲ್ಲ ಮೇಜಿನ ಬಟ್ಟೆಯನ್ನು ಎಳೆಯುವುದರ ಮೇಲಿರುತ್ತದೆ. ಅವರ ಜೊತೆಗೆ ಒಬ್ಬ ದೊಡ್ಡವರು ಕೂತಿರಲಿ.

ಹೊತ್ತು ಮತ್ತು ಜಾಗ

ಹಳೆ ಮೈಸೂರು, ಮಲೆನಾಡಿನ ಕಡೆಯವರು ಸಂಜೆ ನಾಲ್ಕೂವರೆಗೆ ಮಕ್ಕಳನ್ನು ಕರೆದು ಐದಕ್ಕೆ ಆಟ ಶುರು ಮಾಡಬಹುದು. ಕಲಬುರಗಿ, ರಾಯಚೂರು, ಬಳ್ಳಾರಿಯಂಥ ಊರುಗಳಲ್ಲಿ ಮೇ ತಿಂಗಳ ಬಿಸಿಲು ನಲವತ್ತು ಡಿಗ್ರಿ ದಾಟುವುದರಿಂದ ತಾರಸಿಯ ಆಸೆಯನ್ನು ಬಿಟ್ಟು, ದಪ್ಪ ಗೋಡೆಯ ಪಡಸಾಲೆಯನ್ನೋ ಹೊತ್ತು ಮುಳುಗಿದ ಮೇಲಿನ ಅಂಗಳವನ್ನೋ ಆರಿಸಿಕೊಳ್ಳುವುದು ಒಳ್ಳೆಯದು. ತಾರಸಿಯಲ್ಲೇ ಮಾಡುವುದಾದರೆ ಒಂದು ಗಂಟೆ ಮುಂಚೆ ನಾಲ್ಕು ಬಕೆಟ್ ನೀರು ಹಾಕಿ ನೆಲವನ್ನು ತಣಿಸಿ, ಒಣಗಿದ ಮೇಲೆ ಜಮಖಾನ ಹಾಸಬೇಕು. ಏಪ್ರಿಲ್–ಮೇ ತಿಂಗಳ ಸಂಜೆ ಗುಡುಗು ಸಹಿತ ಮಳೆ ಹೇಳದೆ ಕೇಳದೆ ಬರುವುದುಂಟು. ಮೊದಲ ಗುಡುಗು ಕೇಳಿದೊಡನೆ, ಅದು ಎಷ್ಟೇ ದೂರದಲ್ಲಿದ್ದರೂ, ಮಕ್ಕಳನ್ನು ಕೆಳಗಿಳಿಸಿ ಆಟವನ್ನು ಒಳಗೆ ಮುಂದುವರಿಸುವಂತೆ ಹಾಲಿನಲ್ಲಿ ಒಂದು ಜಾಗವನ್ನು ಮೊದಲೇ ತೆರವು ಮಾಡಿಟ್ಟಿರಬೇಕು.

ಕೂರಿಸುವ ದಿಕ್ಕಿನ ಬಗ್ಗೆ ಯಾರೂ ಯೋಚಿಸುವುದಿಲ್ಲ, ಆದರೆ ಅರ್ಧ ಜಾದೂ ನಿಂತಿರುವುದು ಅದರ ಮೇಲೆ. ಸಂಜೆಯ ಸೂರ್ಯ ಪಡುವಣಕ್ಕೆ ವಾಲಿರುತ್ತಾನಾದ್ದರಿಂದ ಮಕ್ಕಳು ಪೂರ್ವಕ್ಕೆ ಮುಖ ಮಾಡಿ ಕೂರಬೇಕು, ನೀವು ಅವರ ಎದುರಿಗೆ ಗೋಡೆಗೆ ಬೆನ್ನು ಕೊಟ್ಟು ನಿಲ್ಲಬೇಕು. ಹೀಗೆ ಮಾಡಿದರೆ ಬಿಸಿಲು ಮಕ್ಕಳ ಕಣ್ಣಿಗೆ ಹೊಡೆಯುವುದಿಲ್ಲ, ನಿಮ್ಮ ಕೈಯ ಮೇಲೆ ನಾಟಕದ ದೀಪದಂತೆ ಬೀಳುತ್ತದೆ, ಹಿಂಬದಿಯಿಂದ ಬಂದು ಗುಟ್ಟು ನೋಡುವವರಿಗೆ ದಾರಿಯೂ ಇರುವುದಿಲ್ಲ. ಮುಂದಿನ ಸಾಲಿಗೂ ಮೇಜಿಗೂ ಆರು ಅಡಿ ಅಂತರವಿರಲಿ. ಅಲ್ಲಿ ರಂಗೋಲಿಯಿಂದ ಒಂದು ಗೆರೆ ಎಳೆದು, ಅದನ್ನು ದಾಟಿದವರಿಗೆ ಮಂತ್ರ ತಗಲುತ್ತದೆ ಎಂದು ಗಂಭೀರವಾಗಿ ಹೇಳಿದರೆ ಸಾಕು. ಮೇಜಿನ ಮೇಲೆ ಹಾಸುವ ಹಳೆಯ ಸೀರೆ ಮುಂದುಗಡೆ ನೆಲ ಮುಟ್ಟುವಂತಿರಬೇಕು, ಏಕೆಂದರೆ ಮೇಜಿನ ಹಿಂದೆ ಒಂದು ಸ್ಟೂಲಿನ ಮೇಲೆ ನಿಮ್ಮ ಅರ್ಧ ಸಂಸಾರ ಅಡಗಿ ಕೂತಿರುತ್ತದೆ.

ಅಲಂಕಾರಕ್ಕೆ ಬಾಗಿಲಲ್ಲಿ ಮಾವಿನ ತೋರಣ, ಹಳದಿ ಬಣ್ಣದ ನಾಲ್ಕು ಬಟ್ಟೆ, ಕೂತವರಿಗೊಂದೊಂದು ಬೀಸಣಿಗೆ ಸಾಕು. ಬಲೂನು ಬೇಡವೆಂದೇ ನನ್ನ ಅಭಿಪ್ರಾಯ. ಬಿಸಿಲಿಗೆ ಅವು ತಾವಾಗಿಯೇ ಒಡೆಯತೊಡಗಿ, ನೀವು ಕಷ್ಟಪಟ್ಟು ಕಟ್ಟಿದ ಮೌನವನ್ನು ತಪ್ಪಾದ ಹೊತ್ತಿನಲ್ಲಿ ಹಾಳುಮಾಡುತ್ತವೆ.

ಕಾಣದ ಅಕ್ಷರದ ಕರೆಯೋಲೆ

ಕೂಟಕ್ಕೆ ಮೂರು ದಿನ ಮುಂಚೆ ಬಿಳಿ ಹಾಳೆಯ ಚೂರುಗಳ ಮೇಲೆ ನಿಂಬೆರಸದಲ್ಲಿ ಅದ್ದಿದ ಇಯರ್ ಬಡ್‌ನಿಂದ ದಿನ, ಹೊತ್ತು ಬರೆದು ಒಣಗಿಸಿ. ಒಣಗಿದರೆ ಖಾಲಿ ಹಾಳೆಯಂತೆಯೇ ಕಾಣುತ್ತದೆ. ಮೂಲೆಯಲ್ಲಿ ಪೆನ್ನಿನಿಂದ 'ಅಮ್ಮನ ಕೈಲಿ ಇಸ್ತ್ರಿ ಮಾಡಿಸು' ಎಂದಷ್ಟೇ ಬರೆದು ಮಕ್ಕಳಿಗೆ ಕೊಡಿ. ಬಿಸಿ ಇಸ್ತ್ರಿ ಪೆಟ್ಟಿಗೆ ಒತ್ತಿದಾಗ ನಿಂಬೆರಸ ಕಾಗದಕ್ಕಿಂತ ಮೊದಲು ಕಂದುವುದರಿಂದ ಅಕ್ಷರಗಳು ಕಂದು ಬಣ್ಣದಲ್ಲಿ ಎದ್ದು ಬರುತ್ತವೆ. ಮೇಣದಬತ್ತಿಯ ಮೇಲೆ ಹಿಡಿಯುವ ಹಳೆಯ ರೂಢಿಯನ್ನು ಮಕ್ಕಳಿಗೆ ಹೇಳಿಕೊಡದಿರುವುದೇ ಕ್ಷೇಮ.

ಹಿಂದಿನ ದಿನದ ತಯಾರಿ

ಆಟವೆಲ್ಲ ಸೇರಿ ಅರ್ಧ ಗಂಟೆ ಮೀರಬಾರದು. ಆರು ಆಟಗಳಿಗೆ ಅಷ್ಟು ಹೊತ್ತು ಸಾಕು, ಅದಕ್ಕಿಂತ ಹೆಚ್ಚಾದರೆ ಹಿಂದಿನ ಸಾಲಿನಲ್ಲಿ ಜಗಳ ಶುರುವಾಗುತ್ತದೆ. ಪ್ರತಿಯೊಂದನ್ನೂ ಹಿಂದಿನ ದಿನ ಕಡಿಮೆಯೆಂದರೂ ಮೂರು ಸಲ ಮಾಡಿ ನೋಡಿ. ಕನ್ನಡಿಗಿಂತ ಮೊಬೈಲನ್ನು ಮಕ್ಕಳು ಕೂರುವ ಎತ್ತರಕ್ಕೆ ಒರಗಿಸಿಟ್ಟು ಚಿತ್ರೀಕರಿಸಿಕೊಳ್ಳುವುದು ಮೇಲು. ನಾವು ನಿಂತ ಕಡೆಯಿಂದ ಕಾಣದ್ದು ನೆಲದ ಮೇಲೆ ಕೂತವರಿಗೆ ಚೆನ್ನಾಗಿ ಕಾಣುತ್ತದೆ ಎಂಬುದು ಆಗಲೇ ಗೊತ್ತಾಗುವುದು. ಕುಡಿಯುವ ನೀರಿನಿಂದಲೇ ಮಾಡಿದ ಐಸು ಎರಡು ಮೂರು ಟ್ರೇ ಸಿದ್ಧವಿರಲಿ. ಬೇಕಾದ ಇತರ ಸಾಮಾನುಗಳೆಂದರೆ ಹೊಸದೊಂದು ಪಾತ್ರೆ ತೊಳೆಯುವ ಸ್ಪಂಜು, ಪಿಂಗಾಣಿ ಮಗ್, ಹೂ ಕಟ್ಟುವ ಹತ್ತಿ ನೂಲು, ಪುಡಿ ಉಪ್ಪು, ದಪ್ಪ ಡ್ರಾಯಿಂಗ್ ಹಾಳೆ, ಬಟ್ಟೆ ಒಗೆಯುವ ಸೋಡಾ, ಅರಿಶಿನ, ಶಂಖಪುಷ್ಪ, ಹತ್ತು ನಿಂಬೆಹಣ್ಣು, ಒಂದು ಚಿಪ್ಪು ಪಚ್ಚಬಾಳೆ, ಹಳೆಯ ದಿನಪತ್ರಿಕೆಗಳು, ತಲೆಗೊಂದರಂತೆ ಮಾವಿನಹಣ್ಣು.

ಇವಲ್ಲದೆ ಒಬ್ಬ ಸಹಾಯಕರು ಬೇಕು. ಹದಿಮೂರು ಹದಿನಾಲ್ಕು ವರ್ಷದ, ಜಾದೂ ನೋಡಲು ತಾನು ದೊಡ್ಡವನಾದೆ ಎಂದು ಭಾವಿಸಿಕೊಂಡಿರುವ ಹುಡುಗನೋ ಹುಡುಗಿಯೋ ಈ ಕೆಲಸಕ್ಕೆ ಹೇಳಿ ಮಾಡಿಸಿದಂತಿರುತ್ತಾರೆ. ಫ್ರೀಜರಿನಿಂದ ಐಸು ತರುವ ಹೊಣೆ ಸಂಪೂರ್ಣ ಅವರದು.

ಒಂದನೆಯ ಆಟ: ನೀರು ಐಸಾಗುವುದು

ಸೆಕೆಯಲ್ಲಿ ಕೂತ ಮಕ್ಕಳ ಮುಂದೆ ಮಗ್ಗಿಗೆ ನೀರು ಸುರಿದು, ಅದರ ಮೇಲೆ ಉಫ್ ಎಂದು ಊದಿ, ಬೋರಲು ಹಾಕಿದಾಗ ನೀರಿನ ಬದಲು ಐಸಿನ ತುಂಡುಗಳು ಸ್ಟೀಲ್ ತಟ್ಟೆಯ ಮೇಲೆ ಠಣಠಣನೆ ಬೀಳುವುದಕ್ಕಿಂತ ಒಳ್ಳೆಯ ಆರಂಭವಿಲ್ಲ. ಸ್ಪಂಜನ್ನು ಮಗ್ಗಿನ ತಳಕ್ಕಿಂತ ತುಸು ದೊಡ್ಡದಾಗಿ ಕತ್ತರಿಸಿ, ತೊಳೆದು, ಚೆನ್ನಾಗಿ ಹಿಂಡಿ, ಒಳಗೆ ಬಿಗಿಯಾಗಿ ತುರುಕಬೇಕು. ಅದು ಮಗ್ಗಿನ ಮೂರನೆಯ ಒಂದು ಭಾಗದಷ್ಟು ಎತ್ತರ ಬರಲಿ. ಪೂರಾ ಒಣಗಿದ ಸ್ಪಂಜು ನೀರನ್ನು ತಕ್ಷಣ ಹೀರುವುದಿಲ್ಲವಾದ್ದರಿಂದ ಅದು ಸ್ವಲ್ಪ ತೇವವಾಗಿರುವುದೇ ಒಳ್ಳೆಯದು. ಆಟಕ್ಕೆ ಮುಂಚೆ ಅದರ ಮೇಲೆ ಎರಡು ಮೂರು ಐಸಿನ ತುಂಡುಗಳನ್ನು ಇಡಿ. ಮಕ್ಕಳೆದುರು ಎತ್ತರದಿಂದ ನೀರು ಸುರಿಯಿರಿ, ಆದರೆ ಸುರಿಯುವುದು ಮೂರು ನಾಲ್ಕು ದೊಡ್ಡ ಚಮಚದಷ್ಟೇ ಇರಬೇಕು. ನಿಮ್ಮ ಸ್ಪಂಜು ಎಷ್ಟು ನೀರು ಹಿಡಿಯುತ್ತದೆಂಬುದನ್ನು ಹಿಂದಿನ ದಿನವೇ ಅಳೆದು, ಆ ಅಳತೆಗಿಂತ ಒಂದು ಚಮಚ ಕಡಿಮೆ ಬಳಸಿ. ಅನಂತರ ಹತ್ತರವರೆಗೆ ಮಕ್ಕಳಿಂದಲೇ ಎಣಿಸಿ, ಮಗ್ಗನ್ನು ನಿಧಾನವಾಗಿ ಬಾಗಿಸಿ.

ಪಿಂಗಾಣಿ ಮಗ್ಗೇ ಏಕೆ ಎಂಬುದನ್ನು ಹೇಳಲೇಬೇಕು. ಎರಡನೆಯ ವರ್ಷ ನಾನು ಇದನ್ನು ಅಡುಗೆಮನೆಯ ಸ್ಟೀಲ್ ಲೋಟದಲ್ಲಿ ಮಾಡಿದೆ. ಐಸನ್ನು ಹತ್ತು ನಿಮಿಷ ಮುಂಚೆಯೇ ಹಾಕಿಟ್ಟಿದ್ದೆ. ನಾನು ಲೋಟವನ್ನು ಎತ್ತಿ, ಇದರೊಳಗೆ ಏನೂ ಇಲ್ಲವೆಂದು ಹೇಳುತ್ತಿದ್ದಂತೆ ಮುಂದಿನ ಸಾಲಿನಲ್ಲಿ ಕೂತಿದ್ದ ಅಣ್ಣನ ಮಗಳು, ಏಳು ವರ್ಷದವಳು, "ಅತ್ತೆ, ಲೋಟ ಬೆವರ್ತಿದೆ" ಎಂದಳು. ನೋಡಿದರೆ ಲೋಟದ ಕೆಳಭಾಗದ ಸುತ್ತ ಮಂಜು ಕವಿದಂತಾಗಿ, ನನ್ನ ನಾಲ್ಕು ಬೆರಳ ಗುರುತು ಮಾತ್ರ ಅದರಲ್ಲಿ ಹೊಳೆಯುತ್ತಿತ್ತು. ಸಣ್ಣದೊಂದು ಹನಿ ಜಾರಿ ನನ್ನ ಮಣಿಕಟ್ಟಿಗೆ ಇಳಿಯಿತು. ಲೋಹ ಬೇಗ ತಣ್ಣಗಾಗುವುದರಿಂದ ಗಾಳಿಯ ತೇವ ಅದರ ಮೇಲೆ ಹನಿಗಟ್ಟುತ್ತದೆ. ಮಂಗಳೂರು, ಕಾರವಾರದಂಥ ಕರಾವಳಿಯ ಊರುಗಳಲ್ಲಿ ಇದು ಇನ್ನೂ ಬೇಗ ಆಗುತ್ತದೆ. ದಪ್ಪ ಪಿಂಗಾಣಿ ಮಗ್ ನಾಲ್ಕೈದು ನಿಮಿಷವಾದರೂ ಮಾನ ಉಳಿಸುತ್ತದೆ. ಐಸನ್ನು ಕೊನೆಯ ಗಳಿಗೆಯಲ್ಲೇ ಹಾಕುವುದಕ್ಕೆ ಮತ್ತೊಂದು ಕಾರಣವೂ ಇದೆ. ಮೊದಲೇ ಹಾಕಿದರೆ ಕರಗಿದ ನೀರನ್ನೇ ಕುಡಿದು ಸ್ಪಂಜಿನ ಹೊಟ್ಟೆ ತುಂಬಿರುತ್ತದೆ, ನೀವು ಸುರಿದ ನೀರಿಗೆ ಜಾಗವಿರುವುದಿಲ್ಲ.

ಎರಡನೆಯ ಆಟ: ಸುಲಿಯುವ ಮೊದಲೇ ಹೋಳಾದ ಬಾಳೆಹಣ್ಣು

ಪಚ್ಚಬಾಳೆಯ ಉದ್ದನೆಯ ಹಣ್ಣನ್ನು ತೆಗೆದುಕೊಂಡು, ಸಿಪ್ಪೆಯ ಏಣಿನ ಮೇಲೆ ದಪ್ಪ ಸೂಜಿಯನ್ನು ಚುಚ್ಚಿ, ಎದುರುಗಡೆಯ ಸಿಪ್ಪೆಯನ್ನು ತೂತು ಮಾಡದಂತೆ ಒಳಗೇ ಎಡಕ್ಕೂ ಬಲಕ್ಕೂ ಆಡಿಸಿ ಹೊರಗೆಳೆಯಿರಿ. ಒಂದೊಂದು ಅಂಗುಲಕ್ಕೆ ಹೀಗೆ ಮಾಡಿದರೆ ಸಿಪ್ಪೆ ಹಾಗೇ ಇದ್ದು ಒಳಗಿನ ಹಣ್ಣು ಹೋಳಾಗಿರುತ್ತದೆ. ಇದನ್ನು ಆಟಕ್ಕೆ ಒಂದು ಗಂಟೆಗಿಂತ ಮುಂಚೆ ಮಾಡಬೇಡಿ, ಚುಚ್ಚಿದ ಕಡೆ ಸಿಪ್ಪೆ ಕಪ್ಪಾಗುತ್ತದೆ. ಮೈಮೇಲೆ ಕಪ್ಪು ಚುಕ್ಕೆ ಬಿದ್ದ ಹಣ್ಣನ್ನೇ ಆರಿಸಿದರೆ ನಿಮ್ಮ ಚುಕ್ಕೆಯೂ ಅದರಲ್ಲೊಂದಾಗಿ ಹೋಗುತ್ತದೆ. ಚಿಪ್ಪಿನಲ್ಲಿ ಎಲ್ಲ ಹಣ್ಣನ್ನೂ ಹೀಗೆ ಮಾಡಿಟ್ಟಿದ್ದರೆ ಯಾವುದನ್ನಾದರೂ ಆರಿಸುವಂತೆ ಮಕ್ಕಳಿಗೇ ಧಾರಾಳವಾಗಿ ಹೇಳಬಹುದು. ಅಂಗೈಯನ್ನೇ ಕತ್ತಿಯಂತೆ ಗಾಳಿಯಲ್ಲಿ ನಾಲ್ಕು ಸಲ ಬೀಸಿ, ಹಣ್ಣನ್ನು ಆರಿಸಿದ ಮಗುವಿನ ಕೈಯಿಂದಲೇ ಸುಲಿಸಿ.

ಮೂರನೆಯ ಆಟ: ಗಂಟು ಹಾಕದೆ ಐಸು ಎತ್ತುವುದು

ಈ ಆಟ ಮಕ್ಕಳಿಗೆ ಪಂಥ. ತಟ್ಟೆಯಲ್ಲಿ ಐಸಿನ ತುಂಡೊಂದನ್ನಿಟ್ಟು, ಒಂದು ಗೇಣುದ್ದದ ನೂಲು ಕೊಟ್ಟು, ಗಂಟು ಹಾಕದೆ, ಬೆರಳು ತಾಗಿಸದೆ ಐಸನ್ನು ಮೇಲೆತ್ತುವಂತೆ ಇಬ್ಬರು ಮೂವರಿಗೆ ಹೇಳಿ. ಅವರೆಲ್ಲ ಸೋತ ಮೇಲೆ ನಿಮ್ಮ ಸಹಾಯಕರು ಫ್ರೀಜರಿನಿಂದ ಹೊಸ ತುಂಡು ತರುತ್ತಾರೆ. ನೂಲನ್ನು ನೀರಿನಲ್ಲಿ ಅದ್ದಿ ಐಸಿನ ಮೇಲೆ ಅಡ್ಡಲಾಗಿ ಇಟ್ಟು, ಎರಡು ಬೆರಳಿನ ಚಿಟಿಕೆಯಷ್ಟು ಪುಡಿ ಉಪ್ಪನ್ನು 'ಮಂತ್ರದ ಪುಡಿ' ಎಂದು ಉದುರಿಸಿ, ಒಂದು ನಿಮಿಷ ಕಾಯಿರಿ. ಆಮೇಲೆ ನೂಲಿನ ಎರಡು ತುದಿ ಹಿಡಿದೆತ್ತಿದರೆ ಐಸು ಅದಕ್ಕೆ ಕಚ್ಚಿಕೊಂಡು ಮೇಲೆ ಬರುತ್ತದೆ. ಉಪ್ಪು ಬಿದ್ದ ಕಡೆ ಐಸು ಕರಗುತ್ತದೆ, ಕರಗುವಾಗ ಸುತ್ತಲಿನ ಶಾಖವನ್ನು ಹೀರಿಕೊಳ್ಳುತ್ತದೆ. ಉಪ್ಪುನೀರು ತೆಳುವಾಗುತ್ತ ಬಂದಂತೆ ಆ ತಂಪಿಗೆ ನೂಲಿನ ಸುತ್ತ ನೀರು ಮತ್ತೆ ಹೆಪ್ಪುಗಟ್ಟುತ್ತದೆ.

ಈ ಆಟ ಕೈಕೊಡುವುದು ಎರಡು ಕಡೆ. ಉಪ್ಪು ಹೆಚ್ಚಾದರೆ ಐಸು ಕರಗುತ್ತಲೇ ಹೋಗುತ್ತದೆ, ಹಿಡಿಯುವುದಿಲ್ಲ. ಐಸು ಹೊರಗೆ ಬಹಳ ಹೊತ್ತು ಇದ್ದಿದ್ದರೆ ಅದರಲ್ಲಿ ಮತ್ತೆ ಹೆಪ್ಪುಗಟ್ಟಿಸುವಷ್ಟು ತಂಪು ಉಳಿದಿರುವುದಿಲ್ಲ. ಮಕ್ಕಳು ಒದ್ದಾಡಿದ ತುಂಡನ್ನೇ ಬಳಸದೆ ಹೊಸದನ್ನು ತರಿಸುವುದು ಆ ಕಾರಣಕ್ಕೆ. ಕಾಯುವ ಒಂದು ನಿಮಿಷ ಜಾದೂಗಾರನಿಗೆ ಒಂದು ಗಂಟೆಯಂತೆ ಕಾಣುತ್ತದೆ. ಆಗ ಕಣ್ಣು ಮುಚ್ಚಿಕೊಂಡು ತಮಗೆ ಗೊತ್ತಿರುವ ತಣ್ಣನೆಯ ತಿಂಡಿಗಳ ಹೆಸರನ್ನೆಲ್ಲ ಹೇಳುವಂತೆ ಮಕ್ಕಳಿಗೆ ಅಪ್ಪಣೆ ಕೊಡಿ. ಕುಲ್ಫಿಯಿಂದ ಶುರುವಾದದ್ದು ಮೊಸರನ್ನಕ್ಕೆ ಬರುವಷ್ಟರಲ್ಲಿ ಹೊತ್ತು ಸರಿಯಾಗಿರುತ್ತದೆ.

ನಾಲ್ಕನೆಯ ಆಟ: ಅರಿಶಿನ ಹೇಳಿದ ಭವಿಷ್ಯ

ದೊಡ್ಡ ಮಕ್ಕಳ ಮೇಲೆ ಹೆಚ್ಚು ಪರಿಣಾಮ ಬೀರುವ ಆಟ ಇದೇ. ಅರ್ಧ ಟೀ ಚಮಚ ಬಟ್ಟೆ ಸೋಡಾವನ್ನು ಎರಡು ದೊಡ್ಡ ಚಮಚ ಬಿಸಿನೀರಿನಲ್ಲಿ ಕರಗಿಸಿ, ಇಯರ್ ಬಡ್‌ನಿಂದ ಡ್ರಾಯಿಂಗ್ ಹಾಳೆಯ ಮೇಲೆ ದೊಡ್ಡದಾಗಿ 1089 ಎಂದು ಬರೆದು ನೆರಳಿನಲ್ಲಿ ಒಣಗಿಸಿ. ಈ ದ್ರಾವಣವನ್ನು ದೊಡ್ಡವರೇ ಮಾಡಬೇಕು, ಉಳಿದದ್ದನ್ನು ಚೆಲ್ಲಿ ಕೈ ತೊಳೆದುಕೊಳ್ಳಬೇಕು. ಒಣಗಿದ ಹಾಳೆಯನ್ನು ರಟ್ಟಿಗೆ ಅಂಟಿಸಿ, ಆಟ ಶುರುವಾಗುವುದಕ್ಕೆ ಮುಂಚೆಯೇ ಎಲ್ಲರಿಗೂ ಕಾಣುವಂತೆ ಗೋಡೆಗೆ ತೂಗುಹಾಕಿ. 'ಇದೇನು ಖಾಲಿ ಹಾಳೆ' ಎಂದು ಯಾರಾದರೂ ಕೇಳಿದರೆ ಉತ್ತರಿಸಬೇಡಿ.

ಹೊತ್ತು ಬಂದಾಗ, ಕಳೆಯುವ ಲೆಕ್ಕ ಸರಿಯಾಗಿ ಬರುವ ಒಬ್ಬರನ್ನು ಕರೆದು ಸ್ಲೇಟು ಕೊಡಿ. ನೀವು ಬೆನ್ನು ತಿರುಗಿಸಿಕೊಂಡು, ಮೊದಲ ಮತ್ತು ಕೊನೆಯ ಅಂಕಿಗಳ ನಡುವೆ ಎರಡಾದರೂ ವ್ಯತ್ಯಾಸವಿರುವ ಮೂರಂಕಿಯ ಸಂಖ್ಯೆಯೊಂದನ್ನು ಬರೆಯಲು ಹೇಳಿ. ಅದನ್ನು ತಿರುಗುಮುರುಗು ಮಾಡಿ, ದೊಡ್ಡದರಿಂದ ಚಿಕ್ಕದನ್ನು ಕಳೆಯಬೇಕು. ಬಂದ ಉತ್ತರವನ್ನು ಮತ್ತೆ ತಿರುಗುಮುರುಗು ಮಾಡಿ, ಈ ಸಲ ಕೂಡಬೇಕು. 841 ಎಂದುಕೊಂಡರೆ, ಅದರಿಂದ 148 ಕಳೆದರೆ 693, ಅದಕ್ಕೆ 396 ಕೂಡಿದರೆ 1089. ಯಾವ ಸಂಖ್ಯೆಯಿಂದ ಹೊರಟರೂ ತಲುಪುವುದು ಅಲ್ಲಿಗೇ. ಕಳೆದಾಗ ಬರುವ ಉತ್ತರದ ನಡುವಿನ ಅಂಕಿ ಯಾವಾಗಲೂ ಒಂಬತ್ತು, ಎರಡು ಬದಿಯ ಅಂಕಿಗಳ ಮೊತ್ತವೂ ಒಂಬತ್ತು. ಹೀಗಾಗಿ ಕೂಡಿದಾಗ ನೂರರ ಸ್ಥಾನದಿಂದ 900, ಹತ್ತರ ಸ್ಥಾನದಿಂದ 180, ಬಿಡಿಯಿಂದ 9 ಬಂದೇ ಬರುತ್ತದೆ. ಸ್ಲೇಟು ಹಿಡಿದ ಮಗು ಲೆಕ್ಕ ತಪ್ಪಿದರೆ ಮಾತ್ರ ಎಲ್ಲ ತಲೆಕೆಳಗು. ಅದಕ್ಕೇ ಪಕ್ಕದಲ್ಲಿ ಸಹಾಯಕರು ನಿಂತು ಕಣ್ಣಾಡಿಸುತ್ತಿರಬೇಕು.

ಈಗ ಅರ್ಧ ಲೋಟ ನೀರಿಗೆ ಒಂದು ಚಮಚ ಅರಿಶಿನ ಹಾಕಿ, ತಳಕ್ಕಿಳಿಯದಂತೆ ಕಲಕಿ, ಅಗಲವಾದ ಬ್ರಷ್‌ನಿಂದ ಖಾಲಿ ಹಾಳೆಯ ಮೇಲೆ ಬಳಿಯಿರಿ. ಹಾಳೆಯೆಲ್ಲ ಹಳದಿಯಾಗುತ್ತ ಬಂದಂತೆ ಸೋಡಾ ಇದ್ದ ಕಡೆ ಮಾತ್ರ ಅಂಕಿಗಳು ಕೆಂಪಗೆ ಮೂಡುತ್ತವೆ. ಮದುವೆ, ನಾಮಕರಣಗಳಲ್ಲಿ ಅರಿಶಿನಕ್ಕೆ ಸುಣ್ಣ ಬೆರೆಸಿ ಆರತಿಯ ಕೆಂಪು ನೀರು ಮಾಡುವವರಿಗೆ, ಹುಳಿ ಚೆಲ್ಲಿದ ಅಂಗಿಗೆ ಸೋಪು ಹಚ್ಚಿದಾಗ ಕಲೆ ಕೆಂಪಾದದ್ದನ್ನು ಕಂಡವರಿಗೆ ಇದರ ಗುಟ್ಟು ಹೊಸದೇನಲ್ಲ. ಕ್ಷಾರ ತಾಗಿದರೆ ಅರಿಶಿನ ಕೆಂಪಾಗುತ್ತದೆ, ಅದರ ಮೇಲೆ ನಿಂಬೆಹುಳಿ ಬಿದ್ದರೆ ಮತ್ತೆ ಹಳದಿಗೆ ತಿರುಗುತ್ತದೆ. ಮಕ್ಕಳು ಬೆರಗಾದ ಮೇಲೆ ಒಂದು ಹೋಳು ನಿಂಬೆ ಉಜ್ಜಿ ಅಂಕಿಯನ್ನು ಅಳಿಸಿಯೂ ತೋರಿಸಬಹುದು. ಅಂದು ಬಿಳಿ ಅಂಗಿ ತೊಡಬೇಡಿ.

ಒಂದು ವಿಷಯದಲ್ಲಿ ನಾನು ಹಟಮಾರಿ. ಉಳಿದ ಆಟಗಳ ಗುಟ್ಟನ್ನು ಬೇಕಾದರೆ ಮುಚ್ಚಿಡಿ, ಇದರ ಗುಟ್ಟನ್ನು ಮಾತ್ರ ಆಟ ಮುಗಿದ ಮೇಲೆ ಹೇಳಿಬಿಡಿ. ಏಕೆಂದರೆ ಇದೇ ಅರಿಶಿನ, ಇದೇ ಕೆಂಪು ನೀರನ್ನು ತೋರಿಸಿ ಮಾಟ ಮಂತ್ರವೆಂದು ಜನರನ್ನು ಹೆದರಿಸಿ ಹಣ ಕೀಳುವವರಿದ್ದಾರೆ. ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದ ಎಚ್. ನರಸಿಂಹಯ್ಯನವರು 1976ರಲ್ಲಿ ಪವಾಡಗಳನ್ನು ಪರೀಕ್ಷಿಸಲು ಸಮಿತಿಯೊಂದನ್ನು ರಚಿಸಿದ್ದನ್ನು ಹಿರಿಯರು ಬಲ್ಲರು. ಗುಟ್ಟು ಗೊತ್ತಾದರೆ ಮೋಜು ಹೋಗುತ್ತದೆಂಬ ಭಯವೂ ಬೇಡ. ನಮ್ಮ ತಾರಸಿಯಲ್ಲಂತೂ ವಿವರಣೆ ಕೇಳಿದ ಮೇಲೆ ಆ ಲೋಟದ ಸುತ್ತ ಗುಂಪು ಇನ್ನೂ ಹೆಚ್ಚಾಯಿತು.

ಐದನೆಯ ಆಟ: ಬಣ್ಣ ಬದಲಿಸುವ ಶರಬತ್ತು

ಇಷ್ಟು ಹೊತ್ತಿಗೆ ಎಲ್ಲರಿಗೂ ಬಾಯಾರಿರುತ್ತದೆ. ಬೇಲಿಯ ಮೇಲೆ ಹಬ್ಬುವ ನೀಲಿ ಶಂಖಪುಷ್ಪ ಈ ಆಟದ ನಾಯಕ; ಬಿಳಿ ಹೂವಿನ ಜಾತಿ ಉಪಯೋಗಕ್ಕೆ ಬಾರದು. ಹೂವನ್ನು ಮನೆಯಲ್ಲೇ ನೆರಳಲ್ಲಿ ಒಣಗಿಸಿಟ್ಟುಕೊಳ್ಳಬಹುದು, ಇಲ್ಲವೇ ಗ್ರಂಥಿಗೆ ಅಂಗಡಿಯಲ್ಲಿ ವಿಚಾರಿಸಬಹುದು. ಔಷಧಿ ಸಿಂಪಡಿಸಿದ ಗಿಡದ ಹೂ ಬೇಡ. ಹದಿನೈದು ಲೋಟಕ್ಕೆ ಮೂವತ್ತೈದು ನಲವತ್ತು ಒಣಹೂಗಳನ್ನು ಒಂದು ಲೀಟರ್ ಕುದಿಸಿದ ನೀರಿನಲ್ಲಿ ಹತ್ತು ನಿಮಿಷ ನೆನೆಸಿ ಸೋಸಿದರೆ ಇಂಕಿನಂಥ ದಟ್ಟ ನೀಲಿ ನೀರು ಸಿಗುತ್ತದೆ. ಇದನ್ನು ಬೆಳಿಗ್ಗೆಯೇ ಮಾಡಿ ಫ್ರಿಜ್ಜಿನಲ್ಲಿಡಿ. ಬೇರೆ ಜಗ್ಗಿನಲ್ಲಿ ಎಂಟು ನಿಂಬೆಹಣ್ಣಿನ ರಸಕ್ಕೆ ಸಕ್ಕರೆ, ಚಿಟಿಕೆ ಉಪ್ಪು, ಒಂದು ಲೀಟರ್ ನೀರು ಬೆರೆಸಿ. ಬೆಲ್ಲದ ಪಾನಕ ನನಗೂ ಹೆಚ್ಚು ಪ್ರಿಯವೇ, ಆದರೆ ಅದರ ಕಂದು ಬಣ್ಣದಲ್ಲಿ ಈ ಆಟ ಮುಳುಗಿಹೋಗುತ್ತದೆ.

ಗಾಜಿನ ಅಥವಾ ಪಾರದರ್ಶಕವಾದ ಲೋಟಗಳಲ್ಲಿ ಐಸು ಹಾಕಿ, ಕಾಲು ಲೋಟದಷ್ಟು ನೀಲಿ ನೀರನ್ನು ಎಲ್ಲರಿಗೂ ಹಂಚಿ. ಈ ಆಟವನ್ನು ನೀವು ಮಾಡುವುದಲ್ಲ, ಮಕ್ಕಳೇ ಮಾಡಬೇಕು. ಲೋಟವನ್ನು ಬೆಳಕಿಗೆ ಎತ್ತಿ ಹಿಡಿದು, ತಮಗೆ ತೋಚಿದ ಮಂತ್ರ ಹೇಳುತ್ತ, ಸಣ್ಣ ಬಟ್ಟಲಿನಿಂದ ನಿಂಬೆ ಪಾನಕವನ್ನು ನಿಧಾನವಾಗಿ ಬಿಡಲಿ. ಹುಳಿ ಬಿದ್ದೊಡನೆ ಐಸಿನ ಸಂದುಗಳಲ್ಲಿ ನೇರಳೆ ಬಣ್ಣದ ಎಳೆಗಳು ಇಳಿಯತೊಡಗುತ್ತವೆ, ತಳದಲ್ಲಿ ಇನ್ನೂ ನೀಲಿಯಿರುವಾಗಲೇ ಮೇಲುಭಾಗ ನಸುಗೆಂಪಾಗುತ್ತದೆ, ಕಲಕಿದರೆ ಇಡೀ ಲೋಟ ಒಂದೇ ಬಣ್ಣಕ್ಕೆ ತಿರುಗುತ್ತದೆ. ಹೂವಿನ ನೀಲಿ ಬಣ್ಣ ಆಮ್ಲಕ್ಕೆ ಸಿಕ್ಕರೆ ಕೆಂಪಿನ ಕಡೆಗೆ ಹೊರಳುವುದೇ ಇದರ ಗುಟ್ಟು. ನೀಲಿ ನೀರನ್ನೇ ಟ್ರೇಯಲ್ಲಿ ಹೆಪ್ಪುಗಟ್ಟಿಸಿ ಆ ಐಸನ್ನು ನಿಂಬೆ ಪಾನಕಕ್ಕೆ ಹಾಕುವ ಇನ್ನೊಂದು ವಿಧಾನವೂ ಚಂದವೇ. ಆದರೆ ಅಲ್ಲಿ ಬಣ್ಣ ಬರುವುದು ಬಹಳ ನಿಧಾನ, ಮಕ್ಕಳು ಅಷ್ಟರಲ್ಲಿ ಕುಡಿದು ಮುಗಿಸಿರುತ್ತಾರೆ.

ಆರನೆಯ ಆಟ: ಪತ್ರಿಕೆಯಿಂದ ಬೆಳೆದ ಮಾವಿನ ಮರ

ಓಟೆ ನೆಟ್ಟು, ಬಟ್ಟೆ ಮುಚ್ಚಿ, ಸ್ವಲ್ಪ ಹೊತ್ತಿನಲ್ಲೇ ಮಾವಿನ ಗಿಡ ಬೆಳೆಸಿ ತೋರಿಸುವುದು ನಮ್ಮ ದೇಶದ ಬೀದಿ ಗಾರುಡಿಗರ ಬಹು ಹಳೆಯ ವಿದ್ಯೆ. 17ನೆಯ ಶತಮಾನದಲ್ಲಿ ಭಾರತ ಸುತ್ತಿದ ಫ್ರೆಂಚ್ ವ್ಯಾಪಾರಿ ತಾವೆರ್ನಿಯೆ ಇದನ್ನು ಬೆರಗಿನಿಂದ ಬರೆದಿಟ್ಟಿದ್ದಾನೆ. ಅಷ್ಟು ಪಳಗಿದ ಕೈ ನಮ್ಮದಲ್ಲವಾದ್ದರಿಂದ ದಿನಪತ್ರಿಕೆಯ ಮರದಲ್ಲೇ ತೃಪ್ತಿಪಡಬೇಕು.

ಪತ್ರಿಕೆಯ ಐದಾರು ಪುಟಗಳನ್ನು ಉದ್ದಕ್ಕೆ ಸಮನಾಗಿ ಹರಿದುಕೊಂಡು, ಮೊದಲ ಪಟ್ಟಿಯನ್ನು ಎರಡು ಬೆರಳು ತೂರುವಷ್ಟು ಸಡಿಲವಾಗಿ ಸುತ್ತಲು ಆರಂಭಿಸಿ. ಇನ್ನು ಒಂದು ಚೋಟು ಉಳಿದಿರುವಾಗ ಅದರ ಮೇಲೆ ಮುಂದಿನ ಪಟ್ಟಿಯನ್ನಿಟ್ಟು ಸುತ್ತುತ್ತ ಹೋಗಿ. ಎಲ್ಲ ಮುಗಿದ ಮೇಲೆ ಬುಡಕ್ಕೆ ರಬ್ಬರ್ ಬ್ಯಾಂಡ್ ಹಾಕಿ, ಮೇಲ್ತುದಿಯಿಂದ ನಡುವಿನವರೆಗೆ ನಾಲ್ಕು ಕಡೆ ಕತ್ತರಿಯಿಂದ ಸೀಳಿ. ಸೀಳಬೇಕಾದ ಆ ಭಾಗಕ್ಕೆ ಮೊದಲೇ ಹಸಿರು ಬಣ್ಣ ಬಳಿದು ಒಣಗಿಸಿದ್ದರೆ ಎಲೆಯಂತೆ ಕಾಣುತ್ತದೆ. ಕತ್ತರಿ ಪ್ರಯೋಗದವರೆಗಿನ ಕೆಲಸವನ್ನು ಮುಂಚಿತವಾಗಿ ಮುಗಿಸಿ, ಕೊಳವೆಯನ್ನು ಮೇಜಿನ ಹಿಂದೆ ಇಟ್ಟುಕೊಂಡಿರಬಹುದು. ಮಕ್ಕಳೆದುರು ಸೀಳುಗಳನ್ನು ಬಾಳೆಹಣ್ಣಿನ ಸಿಪ್ಪೆಯಂತೆ ಹೊರಕ್ಕೆ ಬಗ್ಗಿಸಿ, ಬುಡವನ್ನು ಎಡಗೈಯಲ್ಲಿ ಹಿಡಿದು, ಒಳಗಿನ ಸುರುಳಿಯ ತುದಿಯನ್ನು ತುಸುವೇ ತಿರುಚುತ್ತ ಮೇಲಕ್ಕೆ ಎಳೆಯಿರಿ. ಮರ ಒಂದೊಂದೇ ಗೇಣು ಬೆಳೆಯುತ್ತ ನಾಲ್ಕು ಅಡಿ ದಾಟುತ್ತದೆ. ಅವಸರ ಮಾಡಿದರೆ ಸುರುಳಿ ಹರಿದುಹೋಗುತ್ತದೆ. ಬೆವರಿದ ಅಂಗೈಯಿಂದ ಹಿಡಿದರೂ ಕಾಗದ ಮೆತ್ತಗಾಗುತ್ತದೆ, ಆದ್ದರಿಂದ ಎಳೆಯುವ ಮೊದಲು ಕೈಗೆ ಸ್ವಲ್ಪ ಪೌಡರ್ ಹಚ್ಚಿಕೊಳ್ಳಿ. ಫ್ಯಾನು ಆರಿಸಿರಬೇಕೆಂದು ಮತ್ತೆ ಹೇಳಬೇಕಾಗಿಲ್ಲ.

ಎಲ್ಲರ ಕಣ್ಣೂ ಮರದ ತುದಿಯ ಮೇಲಿರುವ ಆ ಗಳಿಗೆಯೇ ಸಹಾಯಕರ ಸರದಿ. ಮೇಜಿನ ಹಿಂದೆ ಬಟ್ಟೆಯಡಿಯಲ್ಲಿ ಅಡಗಿಸಿಟ್ಟಿದ್ದ ಮಾವಿನಹಣ್ಣಿನ ಬುಟ್ಟಿಯನ್ನು ಅವರು ಮರದ ಬುಡಕ್ಕೆ ಸರಿಸುತ್ತಾರೆ. ನೀವು ಮರವನ್ನು ಅಲುಗಿಸುತ್ತ ಕೆಳಗೆ ನೋಡಿದರೆ ಸಾಕು, ಮಕ್ಕಳೂ ನೋಡುತ್ತಾರೆ. ನಮ್ಮಲ್ಲಿ ರಸಪುರಿಯೋ ಬಾದಾಮಿಯೋ ಇರುತ್ತದೆ. ಧಾರವಾಡದ ಕಡೆಯವರು ಆಪೂಸ್ ಇಟ್ಟರೆ ಆಕ್ಷೇಪವಿಲ್ಲ. ಹಣ್ಣನ್ನು ಬೆಳಿಗ್ಗೆಯಿಂದ ಎರಡು ಗಂಟೆಯಾದರೂ ನೀರಿನಲ್ಲಿ ನೆನೆಹಾಕಿ ಒರೆಸಿಟ್ಟಿರಿ. ಚೀಪಿ ತಿನ್ನುವ ಹಣ್ಣಾದರೆ ಕೈ ತೊಳೆಯಲು ಒಂದು ಬಕೆಟ್ ನೀರು, ಎರಡು ಹಳೆಯ ಟವೆಲ್ ಪಕ್ಕದಲ್ಲಿರಲಿ.

ತಿಂಡಿ, ಆಮೇಲಿನ ಪಾಠ

ಮಾವು, ಬಾಳೆ, ಶರಬತ್ತು ಆಟದಲ್ಲೇ ಬಂದುಹೋಗುವುದರಿಂದ ಬೇರೆ ತಿಂಡಿ ಹೆಚ್ಚು ಬೇಕಾಗುವುದಿಲ್ಲ. ಹೆಸರುಬೇಳೆ ಕೋಸಂಬರಿ, ಮಾವಿನಕಾಯಿ ತುರಿ ಹಾಕಿದ ಚುರುಮುರಿ, ನೀರು ಮಜ್ಜಿಗೆ ಸಾಕು. ಕಲ್ಲಂಗಡಿಯನ್ನು ಮೊದಲೇ ಹೆಚ್ಚಿ ಬಿಸಿಲಲ್ಲಿ ತೆರೆದಿಡಬೇಡಿ, ಬಡಿಸುವಾಗ ಹೆಚ್ಚಿದರಾಯಿತು. ಚುರುಮುರಿಯನ್ನೂ ಅಷ್ಟೇ, ಮಕ್ಕಳು ಕೈಯೊಡ್ಡಿದಾಗಲೇ ಕಲಸಬೇಕು.

ಕೊನೆಗೆ ಯಾವುದಾದರೂ ಒಂದು ಆಟವನ್ನು ಮಕ್ಕಳಿಗೆ ಕೈಹಿಡಿದು ಕಲಿಸಿ ಕಳಿಸುವುದು ನನ್ನ ಪದ್ಧತಿ. ಅವರು ಮನೆಗೆ ಹೋಗಿ ಅಜ್ಜಿಗೆ ತೋರಿಸಲು ಏನಾದರೂ ಬೇಕು. ನಾನು ಕಲಿಸುವುದು ಬಾಳೆಹಣ್ಣಿನ ಆಟ, ಸೂಜಿಯ ಬದಲು ಹಲ್ಲುಕಡ್ಡಿ ಕೊಟ್ಟು. ಅದಕ್ಕೆಂದು ಇನ್ನೊಂದು ಚಿಪ್ಪು ಬಾಳೆಹಣ್ಣನ್ನು ಬೇರೆಯಾಗಿ ತಂದಿಟ್ಟುಕೊಳ್ಳಿ, ಜೊತೆಗೆ ಮಕ್ಕಳ ತಾಯಂದಿರಿಗೂ ಒಂದು ಮಾತು ಹೇಳಿಡಿ. ಹೋದ ವರ್ಷ ನಾನು ಹೇಳುವುದನ್ನು ಮರೆತಿದ್ದೆ. ಮರುದಿನ ಬೆಳಿಗ್ಗೆ ಎದುರುಮನೆಯವರು ದೇವರಿಗೆ ನೈವೇದ್ಯಕ್ಕೆಂದು ಹಣ್ಣು ಸುಲಿದರೆ, ಅದು ಆಗಲೇ ಐದು ಹೋಳಾಗಿತ್ತು.